ನೀರು ಕೇಳಿ ನೋಟಿಸ್ ಕೊಡುವ ಸುಗ್ರಾಬಿ

ಹಮ್ಮಿಗಿಯ ಹೊಳೆದಂಡೆಗೆ ಇನ್ನೂ ಸರಿಯಾಗಿ ಬೆಳಕು ಬಿದ್ದಿಲ್ಲ. ಬ್ಯಾರೇಜಿನ ಹಿನ್ನೀರು ಮೆಟ್ಟಿಲ ಅಂಚಿಗೆ ಬಂದು ಅಲ್ಲಾಡದೆ ನಿಂತಿದೆ. ಬಟ್ಟೆ ಒಗೆಯುವ ಕಲ್ಲೊಂದರ ಮೇಲೆ ನಡುವಯಸ್ಸಿನ ಹೆಣ್ಣುಮಗಳೊಬ್ಬರು ಕೂತಿದ್ದಾರೆ. ತಲೆ ಮೇಲೆ ಸೆರಗು, ಕಾಲ ಬಳಿ ಬಿಚ್ಚಿಟ್ಟ ಚಪ್ಪಲಿ, ತೊಡೆ ಮೇಲೆ ಖಾಕಿ ಬಣ್ಣದ ಒಂದು ಚೀಲ. ಆ ಚೀಲ ಯಾರ ಕಣ್ಣಿಗೂ ಬೀಳದಿರಲಿ ಎಂದು ಸೆರಗಿನ ಚುಂಗನ್ನು ಅದರ ಮೇಲೆ ಎಳೆದುಕೊಂಡಿದ್ದಾರೆ. ದೂರದಿಂದ ನೋಡಿದರೆ, ಯಾರದೋ ಮನೆಗೆ ಬಂದ ಬೀಗತಿ ಊರು ಏಳುವ ಮೊದಲೇ ಎದ್ದು ಹೊಳೆ ನೋಡಲು ಬಂದಂತಿದೆ. ಹಾಗೆಯೇ ಕಾಣಲಿ ಎಂಬುದು ಅವರ ಆಸೆ.

ಇವರು ಲಕ್ಷ್ಮೇಶ್ವರದ ಸುಗ್ರಾಬಿ. ಸರ್ಕಾರಿ ಭಾಷೆಯಲ್ಲಿ ಇವರ ಹುದ್ದೆ ‘ಆದೇಶ ಜಾರಿಕಾರರು’. ನ್ಯಾಯಾಲಯದಿಂದ ಹೊರಟ ಸಮನ್ಸು, ನೋಟಿಸುಗಳನ್ನು ಊರೂರಿಗೆ ಒಯ್ದು, ಯಾರ ಹೆಸರಿಗೆ ಬಂದಿದೆಯೋ ಅವರ ಕೈಗೇ ಕೊಟ್ಟು, ಸಹಿ ಪಡೆದು ಬರುವುದು ಕೆಲಸ. ಜನರ ಬಾಯಲ್ಲಿ ಅಷ್ಟುದ್ದದ ಹೆಸರು ನಿಲ್ಲುವುದಿಲ್ಲ. ‘ಬೇಲಿಫ ಬಾಯಿ’ ಅಂದರೆ ಮುಗಿಯಿತು. ಆ ಹೆಸರು ಕಿವಿಗೆ ಬಿದ್ದರೆ ಸಾಕು, ಈ ಸೀಮೆಯಲ್ಲಿ ತೆರೆದ ಬಾಗಿಲುಗಳು ತಾವಾಗಿಯೇ ಮುಚ್ಚಿಕೊಳ್ಳುತ್ತವೆ.

“ಮಂದಿ ನನ್ನ ನೋಡಿ ಹೆದರತಾರ್ರಿ. ನಾ ಏನ ಹುಲಿ ಏನ್ರಿ?” ಎಂದು ನಗುತ್ತಾರೆ ಸುಗ್ರಾಬಿ. “ಅವ್ರದೂ ತಪ್ಪಿಲ್ಲ ಬಿಡ್ರಿ. ನಮ್ಮ ಚೀಲದಾಗಿಂದ ಯಾವತ್ತರ ಸಿಹಿ ಸುದ್ದಿ ಹೊರಗ ಬಂದೈತೇನು?”

ಇವತ್ತು ಚೀಲದಲ್ಲಿರುವ ಕಾಗದಗಳು ಜಪ್ತಿಯವಲ್ಲ, ಜಮೀನಿನ ತಕರಾರಿನವೂ ಅಲ್ಲ. ಅವು ಕೇಳುವುದು ಒಂದೇ ಮಾತು: ನೀವು ಎಲ್ಲಿಯವರು? ಇದಕ್ಕೆ ಉತ್ತರ ಕೊಡಬೇಕಾದ ಉಡಚಪ್ಪ ಎಂಬ, ಮನೆ ಕಟ್ಟುವ ಗೌಂಡಿ ಇನ್ನು ಸ್ವಲ್ಪ ಹೊತ್ತಿಗೆ ಎತ್ತಿನ ಮೈತೊಳೆಯಲು ಇದೇ ದಂಡೆಗೆ ಬರುತ್ತಾನೆ. ಊರವರು ಹೇಳುವ ಪ್ರಕಾರ ಆತ ಊರಲ್ಲೇ ಇಲ್ಲ.

ಕತೆ ಶುರುವಾದದ್ದು ದೊಡ್ಡವರ ಜಗಳದಿಂದ. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಕಡೆಯಿಂದ ಗೌಂಡಿ ಕೆಲಸ, ಬೇಕರಿ ಕೆಲಸ, ಬಂದರಿನ ಕೂಲಿ ಎಂದು ಪಕ್ಕದ ರಾಜ್ಯಕ್ಕೆ ಹೋಗಿಬರುವವರು ಅಜ್ಜನ ಕಾಲದಿಂದ ಇದ್ದಾರೆ. ದಾವೆ ಇನ್ನೂ ನಡೆದಿರುವುದರಿಂದ ಆ ರಾಜ್ಯದ ಹೆಸರು ಇಲ್ಲಿ ಬೇಡ. ಇಲ್ಲಿಯವರಿಗೂ ಅದು ಬರೀ ‘ಘಟ್ಟದ ಕೆಳಗ’. ಹಳ್ಳಿಯ ಪಂಚಾಯತಿಗೆ, ಪಟ್ಟಣದ ಪುರಸಭೆಗೆ ಯಾರು ಮತ ಹಾಕಬಹುದು ಎಂಬ ನಿಯಮವನ್ನು ಆ ರಾಜ್ಯ ಬದಲಿಸಿತು. ಸ್ವಂತ ಮನೆಯೋ ಬಹುಕಾಲದ ಬಾಡಿಗೆ ಕರಾರೋ ಇಲ್ಲದವರ ಹೆಸರು ಪಟ್ಟಿಯಲ್ಲಿ ಇರಕೂಡದು ಎಂದಿತು. ಅದೇ ಹೊತ್ತಿಗೆ ಈಚೆಯೂ ನಿಯಮ ಬದಲಾಯಿತು. ಆರು ತಿಂಗಳಿಗಿಂತ ಹೆಚ್ಚು ಕಾಲ ಊರಲ್ಲಿ ಇಲ್ಲದವರ ಹೆಸರು ತೆಗೆಯಬೇಕು ಎಂದಾಯಿತು. ಅವರು ಇವರಿಗೆ ‘ನಿಮ್ಮ ಮಂದಿ, ನೀವೇ ಇಟ್ಟುಕೊಳ್ಳಿ’ ಅಂದರು. ಇವರು ಅವರಿಗೆ ‘ನಿಮ್ಮಲ್ಲಿ ದುಡಿಯುವವರು, ನೀವೇ ಇಟ್ಟುಕೊಳ್ಳಿ’ ಅಂದರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು. ಎಂಟು ತಿಂಗಳು ಅಲ್ಲಿ ಶೆಡ್ಡಿನಲ್ಲಿ ಮಲಗಿ ಕಂಡವರ ಮನೆ ಕಟ್ಟುವ, ನಾಲ್ಕು ತಿಂಗಳು ಇಲ್ಲಿ ಬಂದು ತನ್ನ ಹೊಲ ಬಿತ್ತುವ ಮನುಷ್ಯ ಎರಡೂ ಕಡೆಯ ಪಟ್ಟಿಯಿಂದ ಬಿದ್ದುಹೋದ.

ರಾಜ್ಯ ರಾಜ್ಯದ ಮೇಲೆ ದಾವೆ ಹೂಡಿತು. ದಿಲ್ಲಿಯ ದೊಡ್ಡ ನ್ಯಾಯಾಲಯ ಎರಡೂ ಕಡೆಯ ವಕೀಲರ ಮಾತು ಕೇಳಿ, ಕೊನೆಗೆ, ಆ ಜನರನ್ನು ಯಾರಾದರೂ ಕೇಳಿದ್ದೀರಾ ಎಂದಿತು. ಹೆಸರು ಹೋದ ಒಬ್ಬೊಬ್ಬರಿಗೂ ಮುಖಾಮುಖಿ ನೋಟಿಸ್ ಮುಟ್ಟಿಸಬೇಕು. ಅವರು ಬಂದು ನಾನು ಇಂಥ ಊರಿನವನು ಎಂದು ಹೇಳಬೇಕು. ಹೇಳಿದ ಕಡೆ ಹೆಸರು ಇರುತ್ತದೆ. ಅವರ ಮಾತು ಕೇಳಿಸಿಕೊಳ್ಳಲು ನ್ಯಾಯಾಲಯ ನೇಮಿಸಿದ ಆಯುಕ್ತರೊಬ್ಬರು ಗದಗ-ಬೆಟಗೇರಿಯಲ್ಲಿ ಕೂತಿದ್ದಾರೆ. ಘಟ್ಟದ ಕೆಳಗೂ ಒಬ್ಬರು ಕೂತಿದ್ದಾರೆ. ಆದರೆ ಒಂದು ಷರತ್ತು. ನೋಟಿಸ್ ಒಯ್ದವರಿಗೆ ಮನೆಯವರೇ ‘ಅವರು ಇಲ್ಲಿಲ್ಲ’ ಎಂದು ಹೇಳಿಬಿಟ್ಟರೆ, ಈ ಊರಲ್ಲಿ ಆ ಹೆಸರು ಮತ್ತೆ ಸೇರುವುದಿಲ್ಲ.

ಹೀಗೆ ದಿಲ್ಲಿಯ ಜಗಳ ಇಳಿದು ಇಳಿದು ಸುಗ್ರಾಬಿಯ ಖಾಕಿ ಚೀಲಕ್ಕೆ ಬಂದು ಕೂತಿದೆ. ಮುಂಡರಗಿ, ಶಿರಹಟ್ಟಿಯ ನೋಟಿಸುಗಳು ಇವರ ಪಾಲಿಗೆ ಬಂದರೆ, ಲಕ್ಷ್ಮೇಶ್ವರದವು ಜೊತೆಗಾರ ಪರಶುರಾಮನ ಪಾಲಿಗೆ ಹೋಗಿವೆ. ಸ್ವಂತ ಊರು ಬಿಟ್ಟು ಇಷ್ಟು ದೂರ ತಿರುಗುವುದಕ್ಕೆ ಕಾರಣವಿದೆ. ಲಕ್ಷ್ಮೇಶ್ವರದ ಕಟ್ಟಿನಲ್ಲಿರುವ ಒಂದು ನೋಟಿಸ್ ಸುಗ್ರಾಬಿಯ ಒಬ್ಬನೇ ಮಗ ಅಝೀಮನದು. ಘಟ್ಟದ ಕೆಳಗೆ ಬೇಕರಿಯಲ್ಲಿ ಬ್ರೆಡ್ಡು ಬೇಯಿಸುವ ಆ ಹುಡುಗನ ಹೆಸರೂ ಎರಡೂ ಕಡೆ ಅಳಿಸಿದೆ. ತನ್ನ ಮನೆಯ ನೋಟಿಸನ್ನು ತಾನೇ ಜಾರಿ ಮಾಡುವಂತಿಲ್ಲ.

“ನಮ್ಮ ಮನಿ ಪಾಳಿ ಇನ್ನೂ ಬಂದಿಲ್ಲ. ಬರ್ತೈತಿ,” ಎನ್ನುತ್ತಾರೆ ಅವರು.

ಈ ಕೆಲಸ ಸುಗ್ರಾಬಿ ಬಯಸಿ ಬಂದದ್ದಲ್ಲ. ಗಂಡ ಅಯ್ಯೂಬ ಇದೇ ಕಡೆಯ ಬೇಲಿಫರಾಗಿದ್ದರು. ಒಂಬತ್ತು ವರ್ಷದ ಹಿಂದೆ ಒಂದು ಮಧ್ಯಾಹ್ನ ಕಚೇರಿಯಿಂದ ಬಂದು ಎದೆ ನೋವು ಎಂದು ಗೋಡೆಗೆ ಒರಗಿ ಕೂತವರು ಏಳಲಿಲ್ಲ. ಅನುಕಂಪದ ಆಧಾರದ ಮೇಲೆ ನೌಕರಿ ಹೆಂಡತಿಗೆ ಬಂತು. ಮನೆ ಬಿಟ್ಟು ಪೇಟೆಗೂ ಒಬ್ಬರೇ ಹೋಗಿ ಗೊತ್ತಿರಲಿಲ್ಲ. ಆಗ ಬೆನ್ನಿಗೆ ನಿಂತವರು ಅತ್ತೆ ಮೆಹಬೂಬಿ. “ಮನಿ ನಾ ನೋಡಕೋತೀನಿ, ನೀ ಹೋಗ ಅಂದ್ರು. ಬ್ಯಾರೆ ಅತ್ತಿ ಆಗಿದ್ರ ಸೊಸಿ ಹೊಸ್ತಿಲಾ ದಾಟಬಾರ್ದು ಅಂತಿದ್ರು,” ಎಂದು ಸುಗ್ರಾಬಿ ನೆನೆಯುತ್ತಾರೆ. ಗಂಡನ ಮೋಟರ್ ಸೈಕಲ್ಲಿನ ಮೇಲೆ ಕೂತರೆ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಅದನ್ನು ಮಾರಿ ಸಣ್ಣದೊಂದು ಸ್ಕೂಟಿ ತಂದರು. ಬಯಲಿನಲ್ಲಿ ಬಿದ್ದು ಎದ್ದು ಕಲಿತರು. ಮೊಣಕೈ ಮೇಲೆ ಆ ಗಾಯದ ಗುರುತು ಈಗಲೂ ಇದೆ.

ಸೊರಟೂರಿನಲ್ಲಿ ಮೊದಲ ಬೇಸಿಗೆಯಲ್ಲೇ ಕೆಲಸದ ಗುಟ್ಟು ಸಿಕ್ಕಿತು. ಯಾರದೋ ಮನೆಯ ಮುಂದೆ ನಿಂತು ಹೆಸರು ಹಿಡಿದು ಕೂಗಿದರು. ಒಳಗಿಂದ ನಾಯಿ ಬಿಟ್ಟರು. ಓಡಿ ಓಡಿ ಮತ್ತೊಂದು ಮನೆಯ ಕಟ್ಟೆಯ ಮೇಲೆ ಕುಸಿದು ಕೂತಾಗ ಗಂಟಲು ಒಣಗಿತ್ತು. ನೀರು ಬೇಡಿದರು. ಆ ಮನೆಯ ಮುದುಕಿ ಬೆಲ್ಲದ ಚೂರಿನ ಜೊತೆ ತಂಬಿಗೆ ತುಂಬ ನೀರು ತಂದಿಟ್ಟು, ಯಾರ ಪೈಕಿ, ಯಾಕೆ ಬಂದೆ ಎಂದೆಲ್ಲ ವಿಚಾರಿಸಿ, ಕೊನೆಗೆ ತಾನೇ ಹೋಗಿ ಆ ನೋಟಿಸಿನ ಮನುಷ್ಯನನ್ನು ಕರೆತಂದಳು. ಅವತ್ತಿನಿಂದ ಸುಗ್ರಾಬಿ ಯಾರ ಬಾಗಿಲಲ್ಲೂ ಹೆಸರು ಕೂಗಿಲ್ಲ. ಕಟ್ಟೆ ಮೇಲೆ ಕೂತು ಮೊದಲು ನೀರು ಕೇಳುತ್ತಾರೆ.

“ನೀರ ಕೊಟ್ಟ ಮ್ಯಾಲ ಅವ್ರು ಮನಿಯವ್ರು, ನಾವು ಬಂದವ್ರು. ಬಂದವ್ರ ಮುಂದ ಸುಳ್ಳ ಹೇಳಾಕ ಬಾಯಿ ಬರೂದಿಲ್ರಿ,” ಎಂಬುದು ಅವರ ವಿವರಣೆ. ಹಾಗೆಂದು ತಂಬಿಗೆ ತುಂಬ ಕುಡಿಯುವುದಿಲ್ಲ. ಎರಡು ಗುಟುಕು ಅಷ್ಟೆ. ದಿನಕ್ಕೆ ಎಪ್ಪತ್ತು ಎಂಬತ್ತು ಕಿಲೋಮೀಟರು ತಿರುಗುವ ಹೆಂಗಸಿಗೆ ದಾರಿಯಲ್ಲಿ ಹೋಗಲು ಒಂದು ಪಾಯಿಖಾನೆ ಸಿಗುವುದಿಲ್ಲ ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿದಿಲ್ಲ. ಹತ್ತು ಹದಿನೈದು ಮನೆ ಎಂದರೆ ಹತ್ತು ಹದಿನೈದು ಸಲ ಎರಡು ಗುಟುಕು. ಉಳಿದ ನೀರನ್ನು ಅಂಗಳದ ತುಳಸಿಗೋ ಗಿಡಕ್ಕೋ ಹಾಕಿ ಏಳುತ್ತಾರೆ.

ಅವರದು ಇನ್ನೊಂದು ಹಟವೂ ಇದೆ. ಮನುಷ್ಯ ಸಿಗದಿದ್ದರೆ ನೋಟಿಸನ್ನು ಬಾಗಿಲಿಗೆ ಅಂಟಿಸಿ, ಇಬ್ಬರು ಸಾಕ್ಷಿಗಳ ಸಹಿ ತಂದು ಕೈತೊಳೆದುಕೊಳ್ಳಲು ಕಾನೂನು ಬಿಡುತ್ತದೆ. ಅಯ್ಯೂಬರ ಕಾಲದ ಗೋಂದಿನ ಬಾಟಲಿ ಚೀಲದ ತಳದಲ್ಲಿ ಈಗಲೂ ಇದೆ, ಒಣಗಿ ಕಲ್ಲಾಗಿದೆ. “ಅಂಟಿಸಿದ ಕಾಗದಾ ಓಣಿ ಮಂದೆಲ್ಲಾ ಓದತಾರ್ರಿ, ಮನಿಯಾಂವ ಒಬ್ಬನ್ನ ಬಿಟ್ಟ,” ಎನ್ನುತ್ತಾರೆ ಸುಗ್ರಾಬಿ.

ಹಮ್ಮಿಗಿಗೆ ಅವರು ಹೋದ ವಾರವೂ ಬಂದಿದ್ದರು. ಈ ಊರಿನದು ಒಂದು ಹಳೆಯ ಪದ್ಧತಿ. ಬೇಲಿಫನೋ ವಸೂಲಿಯವನೋ ಊರ ಅಗಸಿ ಬಾಗಿಲು ದಾಟಿದ ಕೂಡಲೇ ಮೊದಲು ಕಂಡವರು “ಆಕಳ ಬಿಟ್ಟೈತ್ರೋ!” ಎಂದು ಕೂಗುತ್ತಾರೆ. ಯಾರ ಆಕಳು, ಎಲ್ಲಿ ಬಿಟ್ಟಿದೆ ಎಂದು ಯಾರೂ ಕೇಳುವುದಿಲ್ಲ. ಬಾಯಿಂದ ಬಾಯಿಗೆ ಕೂಗು ದಾಟಿ, ಬಂದವರು ಕಾಲಿಡುವ ಹೊತ್ತಿಗೆ ಗಂಡಸರೆಲ್ಲ ಹಿತ್ತಲ ಪಾಲಾಗಿರುತ್ತಾರೆ. ಅವತ್ತೂ ಹಾಗೆಯೇ ಆಯಿತು. ಸ್ಕೂಟಿ ನಿಲ್ಲಿಸುವುದರೊಳಗೆ ಹೊಳೆದಂಡೆ ಓಣಿ ಬಿಕೋ ಎನ್ನುತ್ತಿತ್ತು.

ಉಡಚಪ್ಪನ ಮನೆ ಬಾಗಿಲಲ್ಲಿ ಅವನ ತಾಯಿ ಕರೆವ್ವ ನಿಂತಿದ್ದರು. ಗೋಡೆಗೆ ಒರಗಿಸಿದ ಕೂರಿಗೆಗೆ ಹಸಿ ಮಣ್ಣು ಅಂಟಿತ್ತು. ಬೆಳಿಗ್ಗೆಯಷ್ಟೇ ಹೆಸರುಕಾಳು ಬಿತ್ತಿ ಬಂದದ್ದು ಎಂದು ಕಣ್ಣಿದ್ದವರಿಗೆ ತಿಳಿಯುವಂತಿತ್ತು. ಸುಗ್ರಾಬಿ ನೀರು ಕೇಳುವ ಮೊದಲೇ ಕರೆವ್ವ ಮಾತು ಒಗೆದರು: “ನನ್ನ ಮಗಾ ಇಲ್ಲವಾ. ಘಟ್ಟದ ಕೆಳಗ ಹೋಗಿ ವರ್ಷಾತು. ಈ ಕಡೆ ತಲಿ ಹಾಕಿಲ್ಲ.” ಪಕ್ಕದ ಮನೆಯಲ್ಲೂ ಅದೇ ಮಾತು, ಎದುರು ಮನೆಯಲ್ಲೂ ಅದೇ. ಓಣಿಗೆ ಓಣಿಯೇ ಪಾಠ ಒಪ್ಪಿಸಿತು.

ಜಪ್ತಿಯವನನ್ನು ಸಾಗಹಾಕಲು ಅಜ್ಜ ಮುತ್ತಜ್ಜಂದಿರು ಕಲಿಸಿಟ್ಟ ಮಾತು ಅದು. ಈ ದಾವೆಯಲ್ಲಿ ಮಾತ್ರ ಆ ಮಾತೇ ಕೊರಳಿಗೆ ಉರುಲು ಎಂದು ಅವರಿಗೆ ಹೇಗೆ ತಿಳಿಯಬೇಕು? ‘ಇಲ್ಲ’ ಎಂದು ಸುಗ್ರಾಬಿ ಬರೆದುಕೊಂಡು ಹೋಗಿದ್ದರೆ ಹೊಳೆದಂಡೆ ಓಣಿಯ ಹೆಸರುಗಳೆಲ್ಲ ಕಾಯಂ ಆಗಿ ಹೋಗುತ್ತಿದ್ದವು. ಮಳೆಗಾಲದಲ್ಲಿ ಹಿನ್ನೀರು ಇವರ ಪಡಸಾಲೆಗೇ ಬರುತ್ತದೆ. ತಡೆಗೋಡೆ ಕಟ್ಟಿಸಿಕೊಡಿ ಎಂದು ಪಂಚಾಯತಿಯನ್ನು ಕೇಳುತ್ತ ಬಂದಿದ್ದಾರೆ. ಮತವಿಲ್ಲದ ಓಣಿಗೆ ಗೋಡೆ ಕಟ್ಟುವ ಮೆಂಬರು ಯಾವ ಊರಲ್ಲೂ ಇಲ್ಲ.

ಸುಗ್ರಾಬಿ ಬರೆಯಲಿಲ್ಲ. ನೋಟಿಸು ಮರಳಿ ಒಪ್ಪಿಸಲು ಇನ್ನೂ ಸಮಯವಿತ್ತು, ಎಷ್ಟು ಸಲ ಬೇಕಾದರೂ ಹೋಗಲು ಅಡ್ಡಿಯಿರಲಿಲ್ಲ. “ಇವತ್ತ ಯಾರೂ ನೀರ ಕೊಟ್ಟಿಲ್ಲ, ಇದು ನಾ ಬಂದಿದ್ದ ಲೆಕ್ಕಕ್ಕಿಲ್ಲ,” ಎಂದು ಕರೆವ್ವನಿಗೆ ಹೇಳಿ ಸ್ಕೂಟಿ ತಿರುಗಿಸಿದರು. ಮರುದಿನ ಕಚೇರಿಯಲ್ಲಿ ಪರಶುರಾಮ ನಕ್ಕ. “ಅಕ್ಕಾ, ಅವ್ರ ಇಲ್ಲ ಅಂದ್ರು, ನೀ ಇಲ್ಲ ಅಂತ ಬರದ ಒಗಿ. ಅವ್ರ ಹಣೇಬರಾ ನೀ ಯಾಕ ಹೊರತಿ?” ಎಂದ. ಬಿತ್ತುವ ಕಾಲದಲ್ಲಿ ಎತ್ತು ಸಾಕಿದವನು ನಸುಕಿನಲ್ಲಿ ಹೊಳೆಗೆ ಬರಲೇಬೇಕು ಎಂಬುದು ಸುಗ್ರಾಬಿಯ ತಲೆಯಲ್ಲಿ ಓಡುತ್ತಿತ್ತು. ಮುಂಡರಗಿಯ ತಂಗಿಯ ಮನೆಯಲ್ಲಿ ಉಳಿದುಕೊಂಡು, ಕೋಳಿ ಕೂಗುವ ಹೊತ್ತಿಗೆ ಎದ್ದು, ಸ್ಕೂಟಿಯನ್ನು ಊರ ಹೊರಗೇ ನಿಲ್ಲಿಸಿ, ಅಗಸಿಯ ಗೊಡವೆಗೆ ಹೋಗದೆ ಹೊಲದ ದಾರಿಯಿಂದ ನಡೆದು ಬಂದು ಈ ಕಲ್ಲಿನ ಮೇಲೆ ಕೂತದ್ದು ಅದಕ್ಕಾಗಿಯೇ.

ಈಗ ಬೆಳಕು ಹರಿಯುತ್ತಿದೆ. ಮೊದಲು ಬರುವುದು ಕರೆವ್ವ, ಸೊಂಟದ ಮೇಲೆ ಕೊಡ. ಕಲ್ಲಿನ ಮೇಲಿನ ಹೆಂಗಸಿನ ಮುಖ ನಸುಗತ್ತಲೆಯಲ್ಲಿ ಗುರುತು ಹತ್ತುವುದಿಲ್ಲ. ಕೊಡ ತುಂಬಿಕೊಂಡು ಮೆಟ್ಟಿಲು ಹತ್ತುವಾಗ ಸುಗ್ರಾಬಿ ಮೆಲ್ಲಗೆ ಕೇಳುತ್ತಾರೆ: “ಯವ್ವಾ, ಒಂದ ಗುಟುಕ ನೀರ ಕೊಡ್ತೀಯೇನ?”

ಕರೆವ್ವನಿಗೆ ನಗು ಬರುತ್ತದೆ. “ಅಯ್ಯ ಹುಚ್ಚಿ! ಹೊಳಿ ದಂಡ್ಯಾಗ ಕುಂತ ನೀರ ಬೇಡತೀಯಲ್ಲ.”

“ಹೊಳಿ ನೀರ ಹೊಳೀದು. ನಿನ್ನ ಕೊಡದ ನೀರ ಬೇಕಾಗಿತ್ತು.”

ಕೊಡ ಬಾಗುತ್ತದೆ, ಬೊಗಸೆ ತುಂಬುತ್ತದೆ. ಎರಡು ಗುಟುಕು ಕುಡಿದು ಸುಗ್ರಾಬಿ ಸೆರಗಿನಿಂದ ಬಾಯಿ ಒರೆಸಿಕೊಳ್ಳುವಾಗ ಚೀಲ ಬಯಲಾಗುತ್ತದೆ. ಕರೆವ್ವನ ಮುಖ ಬದಲಾಗುತ್ತದೆ. ಕೊಡ ಕೆಳಗಿಟ್ಟು, “ನೀ ಅಯ್ಯೂಬಸಾಬನ ಹೇಣ್ತಿ ಅಲ್ಲೇನ? ನಿನ್ನ ಗಂಡ ನನ್ನ ಹಂಡೇವ ಒಯ್ದಾಂವ,” ಎನ್ನುತ್ತಾರೆ. ಭಾವ ಮೈದುನರ ಪಾಲಿನ ದಾವೆಯಲ್ಲಿ ಕರೆವ್ವ ತವರಿಂದ ತಂದ ತಾಮ್ರದ ಹಂಡೆಯೂ ಮನೆತನದ ಸಾಮಾನು ಎಂದು ಬರೆದು, ಅದು ಭಾವನ ಪಾಲಿಗೆ ಹೋಗಿತ್ತು. ಒಲೆ ಮೇಲಿಂದ ಇಳಿಸಿ ಒಯ್ದವರು ಅಯ್ಯೂಬ. “ಕಾದ ನೀರ ಚೆಲ್ಲಿ ಒಯ್ದ. ಬಾಣಂತಿ ಮಗಳಿದ್ಲು ಮನ್ಯಾಗ,” ಎನ್ನುತ್ತಾರೆ ಕರೆವ್ವ. ಇಪ್ಪತ್ತು ವರ್ಷ ಕಳೆದರೂ ಆ ಸಿಟ್ಟು ಆರಿಲ್ಲ.

ಸುಗ್ರಾಬಿ ಕಲ್ಲಿನಿಂದ ಇಳಿದು ನಿಲ್ಲುತ್ತಾರೆ. “ಹೌದವಾ, ಒಯ್ದಿದ್ರು. ಅವತ್ತ ರಾತ್ರಿ ಊಟಕ್ಕ ಏಳಲಿಲ್ಲ. ಬಾಣಂತಿ ಇದ್ದ ಮನಿ ಅಂತ ನನಗ ಹೇಳಿದ್ರು. ಆ ಹಂಡೇವ ನಾ ತಂದ ಕೊಡಾಕ ಆಗೂದಿಲ್ಲ. ಆದ್ರ ಒಂದ ಮಾತ ಕೇಳು. ಅವತ್ತ ಮನ್ಯಾಗ ಅದೀವಿ ಅಂದಿದ್ದಕ್ಕ ಹಂಡೇವ ಹೋತು. ಇವತ್ತ ಮನ್ಯಾಗ ಇಲ್ಲ ಅಂದ್ರ ಮನೀನ ಹೋಗ್ತೈತಿ.”

ಆಮೇಲೆ ಎಲ್ಲವನ್ನೂ ಬಿಡಿಸಿ ಹೇಳುತ್ತಾರೆ, ಎರಡು ರಾಜ್ಯ, ಎರಡು ನಿಯಮ, ನಡುವೆ ಬಿದ್ದ ಹೆಸರು. ಕರೆವ್ವ ಕೇಳುತ್ತ ಕೇಳುತ್ತ ಮೆಟ್ಟಿಲ ಮೇಲೆ ಕೂರುತ್ತಾರೆ. ಅಷ್ಟರಲ್ಲಿ ಉಡಚಪ್ಪ ಎತ್ತುಗಳನ್ನು ಹೊಡೆದುಕೊಂಡು ಆಚೆ ಮಗ್ಗುಲಿನಿಂದ ಸೊಂಟಮಟ್ಟ ನೀರಿಗೆ ಇಳಿದಾಗಿದೆ. ಖಾಕಿ ಚೀಲ ಕಂಡು ಬೆಚ್ಚಿದರೂ ಎತ್ತಿನ ಹಗ್ಗ ಬಿಟ್ಟು ಓಡುವ ಹಾಗಿಲ್ಲ.

“ಅಂವಾ ನನ್ನ ಮಗಾ,” ಎಂದು ಕರೆವ್ವ ತಾವೇ ಬೆರಳು ಮಾಡುತ್ತಾರೆ. “ಉಡಚಪ್ಪ. ಇಲ್ಲೇ ಅದಾನ.”

ಉಡಚಪ್ಪ ಎತ್ತಿನ ಬೆನ್ನಿಗೇ ಕೈ ಒರೆಸಿಕೊಂಡು ಬರುತ್ತಾನೆ. ನೋಟಿಸನ್ನು ಆಚೀಚೆ ತಿರುಗಿಸಿ ನೋಡುತ್ತಾನೆ. “ಬಾಯಾರ, ಗದಗಿಗೆ ಹೋಗಿ ಏನ ಹೇಳಬೇಕ್ರಿ?”

“ಎಲ್ಲಿಯಾಂವ ಅಂತ ಕೇಳತಾರ ತಮ್ಮಾ. ನಿನಗ ಏನ ಅನಸ್ತೈತೋ ಅದನ್ನ ಹೇಳು. ನಾ ಹೇಳಿಕೊಡಾಂಗಿಲ್ಲ.”

“ಹೊಟ್ಟಿ ಅಲ್ಲಿ ಐತ್ರಿ, ಹೊಲಾ ಇಲ್ಲಿ ಐತ್ರಿ,” ಎನ್ನುತ್ತಾನೆ ಉಡಚಪ್ಪ, ಸಹಿ ಹಾಕುತ್ತ. “ಆದ್ರ ನೀರ ನುಗ್ಗಿದ್ರ ನಮ್ಮವ್ವ ಮಲಗೂ ಮನಿಗೇ ನುಗ್ಗತೈತಿ. ಹಮ್ಮಿಗಿ ಅಂತೀನ್ರಿ.” ಹಸಿ ಕೈಯಿಂದ ಕಾಗದದ ಮೂಲೆ ಒದ್ದೆಯಾಗುತ್ತದೆ. ಸುಗ್ರಾಬಿ ಅದನ್ನು ಸೆರಗಿನಿಂದ ಒತ್ತಿ ಒರೆಸಿ ಚೀಲಕ್ಕೆ ಹಾಕುತ್ತಾರೆ.

ಕರೆವ್ವ ಕೊಡ ಎತ್ತುವ ಮೊದಲು ಒಂದು ಮಾತು ಕೇಳುತ್ತಾರೆ. ಹಳ್ಳಿಗೆ ಯಾವ ಖಬರು ಮುಟ್ಟುವುದಿಲ್ಲ? “ನಿನ್ನ ಮಗನೂ ಘಟ್ಟದ ಕೆಳಗ ಅದಾನಂತಲ್ಲವಾ. ನಾಳೆ ನಿಮ್ಮ ಮನಿಗೆ ಬಂದ ಕೇಳಿದ್ರ ನೀ ಏನಂತಿ?” ಸುಗ್ರಾಬಿ ಚೀಲದ ಗುಂಡಿ ಹಾಕುತ್ತ ನಿಲ್ಲುತ್ತಾರೆ. “ಬಂದಾಗ ನೋಡೂಣಂತ,” ಎಂದಷ್ಟೇ ಹೇಳುತ್ತಾರೆ. ಆ ಪ್ರಶ್ನೆ ಅವರಿಗೆ ಹೊಸದೇನಲ್ಲ, ಬೇರೆಯವರ ಬಾಯಿಂದ ಕೇಳಿದ್ದು ಮಾತ್ರ ಇದೇ ಮೊದಲು.

ಮುಂದಿನದು ಕರೆವ್ವನ ಕೆಲಸ. ಓಣಿಯ ಬಾಯಲ್ಲಿ ನಿಂತು, ಎದೆ ತುಂಬ ಉಸಿರು ತೆಗೆದುಕೊಂಡು ಕೂಗುತ್ತಾರೆ: “ಆಕಳಾ ಕಟ್ಟಿದ್ದಾತ್ರೋ! ಹೊರಗ ಬರ್ರೆಪಾ ಎಲ್ಲಾರೂ!” ಇಂಥ ಕೂಗನ್ನು ಹಮ್ಮಿಗಿ ಹಿಂದೆಂದೂ ಕೇಳಿಲ್ಲ. ಒಂದೊಂದೇ ಬಾಗಿಲು ಸರಿಯುತ್ತದೆ. ಊರಲ್ಲೇ ಇಲ್ಲದ ಗಂಡಸರು ಬಾಯಲ್ಲಿ ಹಲ್ಲುಪುಡಿ, ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಹೊರಗೆ ಬರುತ್ತಾರೆ. ಹೊತ್ತು ಮಾರುದ್ದ ಏರುವುದರೊಳಗೆ ಆ ಓಣಿಯ ನೋಟಿಸುಗಳೆಲ್ಲ ಮುಟ್ಟಬೇಕಾದ ಕೈ ಮುಟ್ಟಿವೆ. ಅವತ್ತು ಸುಗ್ರಾಬಿಗೆ ಎಲ್ಲ ಮನೆಯಲ್ಲೂ ಬೆಲ್ಲ ಸಿಕ್ಕಿದೆ.

ಅದಾಗಿ ನಾಲ್ಕು ದಿನಕ್ಕೆ ಪಾಳಿ ಬಂತು. ಬೆಳಿಗ್ಗೆ ಸುಗ್ರಾಬಿ ಲಕ್ಷ್ಮೇಶ್ವರದ ಮನೆಯಲ್ಲಿ ರೊಟ್ಟಿ ಬಡಿಯುತ್ತಿರುವಾಗ ಪರಶುರಾಮ ಬಂದು ಕಟ್ಟೆಯ ಮೇಲೆ ಕೂತ. ಅವನ ಕೊರಳಲ್ಲೂ ಅಂಥದೇ ಖಾಕಿ ಚೀಲ. “ಅಕ್ಕಾ, ನೀರ ಕೊಡ,” ಎಂದ. ಬೇರೆ ದಿನವಾಗಿದ್ದರೆ ಇಬ್ಬರೂ ನಗುತ್ತಿದ್ದರು. ಸುಗ್ರಾಬಿ ಹಿಟ್ಟಿನ ಕೈ ತೊಳೆದು, ಬೆಲ್ಲ, ನೀರು ತಂದಿಟ್ಟರು. ಅವನು ಕುಡಿದು ಮುಗಿಸಿದ. ತಂಬಿಗೆಯನ್ನು ನೋಡುತ್ತಲೇ, “ಅಝೀಮ ಮನ್ಯಾಗ ಅದಾನೇನಕ್ಕಾ?” ಎಂದ.

ಉತ್ತರ ಒಳಗಿಂದ ಬಂತು. ಮೆಹಬೂಬಿಗೆ ಎಂಬತ್ತರ ಹತ್ತಿರ. ಅತ್ತೆ ಸೊಸೆ ತಮ್ಮೊಳಗೆ ಆಡುವುದು ಉರ್ದು, ಪರಶುರಾಮನಿಗೆ ತಿಳಿಯಲೆಂದೇ ಮುದುಕಿ ಕನ್ನಡದಲ್ಲಿ ಕೂಗಿದರು: “ಅದಾನ! ಮೊಮ್ಮಗಾ ಅದಾನಪಾ! ಪ್ಯಾಟಿಗೆ ಹೋಗ್ಯಾನ, ಈಗ ಬರ್ತಾನ!” ಹಮ್ಮಿಗಿಯಲ್ಲಿ ಇದ್ದವನನ್ನು ಇಲ್ಲ ಅಂದರು, ಇಲ್ಲಿ ಇಲ್ಲದವನನ್ನು ಇದ್ದಾನೆ ಅಂದರು. ಅಲ್ಲಿ ಹೇಳಿದವರು ತಾಯಿ, ಇಲ್ಲಿ ಹೇಳಿದವರು ಅಜ್ಜಿ.

ಪರಶುರಾಮ ಪೆನ್ನು ತೆಗೆದ. “ಪ್ಯಾಟಿಗೆ ಹೋಗ್ಯಾನಂತ ಬರೀಲೇನಕ್ಕಾ? ನಾಳೆ ಬರ್ತೀನಿ, ನಾಡದ ಬರ್ತೀನಿ. ಅಷ್ಟರಾಗ ಒಂದ ದಿನಾ ಕರಸ್ಕೋ,” ಎಂದ. ಅವನದು ಕೆಟ್ಟ ಮನಸ್ಸಲ್ಲ.

ಆ ಗಳಿಗೆಯನ್ನು ಸುಗ್ರಾಬಿ ಈಗಲೂ ಮುಚ್ಚಿಡದೆ ಹೇಳುತ್ತಾರೆ. “ಹೂಂ ಅಂತ ಬಾಯಿಗೆ ಬಂದಿತ್ರಿ. ಖರೇನ ಬಂದಿತ್ತು. ಪಟ್ಟಿಯಾಗ ನಮ್ಮ ಮನಿ ನಂಬರಿನ ಕೆಳಗ ಅಝೀಮನ ಅಪ್ಪನ ಹೆಸರಿತ್ತು, ತೀರಿಕೊಂಡ ಮ್ಯಾಲ ತಗದ್ರು. ಅದರ ಕೆಳಗ ಅಝೀಮಂದಿತ್ತು. ಅದೂ ಹೋದ್ರ ಮನ್ಯಾಗ ಗಂಡಮಗನ ಹೆಸರ ಅಂತ ಒಂದೂ ಇಲ್ಲ. ಹೆಸರ ಹೋದ್ರ ಹುಡುಗ ಇನ್ನ ತಿರುಗಿ ಬರೂದಿಲ್ಲೇನೋ ಅಂತ ಅನಸ್ತು.”

ಅಝೀಮ ಶುಕ್ರವಾರ ಶುಕ್ರವಾರ ಫೋನು ಮಾಡುತ್ತಾನೆ. ಅಲ್ಲೊಂದು ಬಾಡಿಗೆ ಖೋಲಿ ಹಿಡಿದಿದ್ದಾನೆ. ಹಬ್ಬದ ದಿನಗಳಲ್ಲಿ ಬೇಕರಿಗೆ ಬಿಡುವಿಲ್ಲ, ಆದ್ದರಿಂದ ಹಬ್ಬಕ್ಕೆ ಬರಲಾಗುವುದಿಲ್ಲ. ಎಲ್ಲಿಯವನೆಂದು ಹೇಳುತ್ತೀ ಎಂದು ಸುಗ್ರಾಬಿ ಅವನನ್ನು ಒಮ್ಮೆಯೂ ಕೇಳಿರಲಿಲ್ಲ. ಕೇಳಿದರೆ ತಾಯಿಯ ಸಮಾಧಾನಕ್ಕೆ ಲಕ್ಷ್ಮೇಶ್ವರ ಎನ್ನುತ್ತಾನೆ ಎಂದು ಗೊತ್ತಿತ್ತು.

“ಇಲ್ಲ ಪರಶುರಾಮ,” ಎಂದರು ಸುಗ್ರಾಬಿ. “ಅಂವ ಇಲ್ಲಿಲ್ಲ. ಎರಡ ರಮಜಾನ ಆದುವು, ಬಂದಿಲ್ಲ. ಬರಕೋ. ಅವನ ಖೋಲಿ ವಿಳಾಸ ಕೊಡ್ತೀನಿ, ನೋಟಿಸ್ ಅಲ್ಲಿಗೆ ಹೋಗ್ಲಿ.”

ಒಳಗೆ ಮೆಹಬೂಬಿ ಗೋಳಾಡಿದರು. ಸ್ವಂತ ಮಗನನ್ನು ತಾಯಿಯೇ ಮನೆಯಿಂದ ಹೊರಗೆ ಹಾಕಿದಳು ಎಂದರು. ಎರಡು ದಿನ ಸೊಸೆಯ ಕೈಯ ಚಹಾ ಮುಟ್ಟಲಿಲ್ಲ. ಸುಗ್ರಾಬಿ ಎದುರಾಡಲಿಲ್ಲ. ನೌಕರಿಗೆ ಕಳಿಸಿದ ಅತ್ತೆ ಅವರು, ಅವರ ಸಂಕಟವೂ ತನ್ನದೇ ಸಂಕಟ. ಆದರೆ ಕಾರಣ ಕೇಳಿದರೆ ಸ್ಪಷ್ಟವಾಗಿ ಹೇಳುತ್ತಾರೆ.

“ಆ ಕಡೆ ವಕೀಲರು ಕಣ್ಣಾಗ ಎಣ್ಣಿ ಬಿಟ್ಕೊಂಡ ಕುಂತಾರ್ರಿ. ಬೇಲಿಫನ ಮನಿ ಕಾಗದಾನ ಸುಳ್ಳು, ಇನ್ನ ಆಕಿ ತಂದ ಹಮ್ಮಿಗಿ ಸಹಿ ಖರೆ ಹ್ಯಾಂಗಾದಾವು ಅಂತಾರ. ಉಡಚಪ್ಪ ಎತ್ತ ಬಿಟ್ಟ ಬಂದ ಸಹಿ ಹಾಕ್ಯಾನ. ಕರೆವ್ವ ಇಪ್ಪತ್ತ ವರ್ಷದ ಸಿಟ್ಟ ನುಂಗಿ ಮಗನ್ನ ತೋರಿಸ್ಯಾಳ. ಅವ್ರ ಮುಂದ ನಾ ಖರೆ ಹೇಳ್ರಿ ಅಂತ ಬೇಡಿ ಬಂದು, ನನ್ನ ಬಾಗಲದಾಗ ಸುಳ್ಳ ಹೇಳಲೇನ್ರಿ?”

ಉಡಚಪ್ಪ ಗದಗಿಗೆ ಹೋಗಿ ಹಮ್ಮಿಗಿ ಎಂದು ಹೇಳಿ ಬಂದಿದ್ದಾನೆ. ಅವನ ಹಿಂದೆ ಓಣಿಯವರೆಲ್ಲ ಟ್ರ್ಯಾಕ್ಸ್ ಗಾಡಿ ಬಾಡಿಗೆ ಮಾಡಿಕೊಂಡು ಹೋಗಿ ಬಂದಿದ್ದಾರೆ. ದಾವೆ ಮಾತ್ರ ಮುಗಿದಿಲ್ಲ. ನಿಯಮ ಬದಲಿಸುವ ಅಧಿಕಾರ ಯಾರದು ಎಂಬುದರ ಮೇಲೆ ಎರಡು ರಾಜ್ಯಗಳ ವಕೀಲರು ದಿಲ್ಲಿಯಲ್ಲಿ ಇನ್ನೂ ವಾದಿಸುತ್ತಿದ್ದಾರೆ. ಸುಗ್ರಾಬಿ ಈಗ ಶಿರಹಟ್ಟಿ ಕಡೆಯ ಹಳ್ಳಿಗಳಲ್ಲಿ ತಿರುಗುತ್ತಿದ್ದಾರೆ. ನಿವೃತ್ತಿಗೆ ಇನ್ನೂ ವರ್ಷಗಳಿವೆ, ಮೊಣಕಾಲು ಆಗಲೇ ನೋಯುತ್ತವೆ.

ಕಳೆದ ಶುಕ್ರವಾರ ಅಝೀಮನ ಫೋನು ಬಂತು. ಆ ಕಡೆಯ ಜಾರಿಕಾರ ಬೇಕರಿಗೇ ಬಂದು ನೋಟಿಸ್ ಕೊಟ್ಟು ಹೋಗಿದ್ದಾನೆ, ಮುಂದಿನ ತಿಂಗಳು ಅಲ್ಲಿಯ ಆಯುಕ್ತರ ಮುಂದೆ ನಿಲ್ಲಬೇಕು. ಮಗನೊಂದಿಗಿನ ಮಾತನ್ನು ಸುಗ್ರಾಬಿ ಕನ್ನಡದಲ್ಲಿ ಒಪ್ಪಿಸುತ್ತಾರೆ. “ಏನ ಹೇಳಲಿ ಅಮ್ಮಿ ಅಂತ ಕೇಳಿದ. ನಿನಗ ಏನ ಅನಸ್ತೈತೋ ಅದನ್ನ ಹೇಳು, ನಾ ಹೇಳಿಕೊಡಾಂಗಿಲ್ಲ ಅಂದ್ನಿ. ಉಡಚಪ್ಪಗ ಹೇಳಿದ್ದ ಮಾತ ಅದು. ಮಗಗ ಹೇಳೂದು ಭಾಳ ಕಠಿಣ ಆತ್ರಿ.” ಸ್ಕೂಟಿಯ ಹಿಡಿಕೆಗೆ ಚೀಲ ಸಿಕ್ಕಿಸುತ್ತಾರೆ.

“ಒಂದ ಮಾತ ಅಷ್ಟ ನಾ ಕೇಳಿದ್ನಿ. ಕಾಗದಾ ತಂದಾಂವಗ ನೀರ ಕೊಟ್ಟಿಯೇನೋ ಅಂತ.”

ಏನೆಂದ?

“ಕೊಟ್ನಿ ಅಮ್ಮಿ, ಬಿಸಿಲಾಗ ಬಂದಿದ್ದ, ಕೂಡಿಸಿ ನೀರ ಕೊಟ್ಟು ಬಿಸಿ ಬ್ರೆಡ್ಡೂ ಕೊಟ್ಟ ಕಳಿಸೇನಿ ಅಂದ.” ಸುಗ್ರಾಬಿಯ ಕಣ್ಣು ತುಂಬುತ್ತವೆ, ಮುಖದ ಮೇಲೆ ನಗು ಹಾಗೆಯೇ ಇದೆ. “ಇನ್ನ ಅವನ ಹೆಸರ ಎಲ್ಲ್ಯರ ಬರಕೊಳ್ಳಲ್ರಿ. ಹುಡುಗ ನಮ್ಮ ಮನಿಯಾಂವನ ಅದಾನ.”